ಫಿರೋಜಾಬಾದಿನ ಕುಲುಮೆ, ನಮ್ಮ ಅಡಿಗೆಮನೆಯ ಜಾಡಿ

ಆಗ್ರಾಕ್ಕೆ ಹೋದವರು ತಾಜಮಹಲು ನೋಡುತ್ತಾರೆ, ಕೋಟೆ ನೋಡುತ್ತಾರೆ, ಒಂದು ಕಿಲೋ ಪೇಠಾ ಕಟ್ಟಿಸಿಕೊಂಡು ಮಥುರೆಯ ಬಸ್ಸು ಹತ್ತುತ್ತಾರೆ. ಆದರೆ ಆಗ್ರಾದಿಂದ ಪೂರ್ವಕ್ಕೆ ಸುಮಾರು 40 ಕಿಲೋಮೀಟರ್ ಹೋದರೆ ಸಿಗುವ ಫಿರೋಜಾಬಾದ್ ಎಂಬ ಊರಿಗೂ ನಮಗೂ ಎಷ್ಟು ನಂಟಿದೆ ಗೊತ್ತೇ? ಜಾತ್ರೆಯಲ್ಲಿ ಬಳೆಗಾರನ ಮುಂದೆ ಕೈಚಾಚಿ ಕುಳಿತು ನಾವು ತೊಡುವ ಗಾಜಿನ ಬಳೆಗಳಲ್ಲಿ ಬಹುಪಾಲು ಹುಟ್ಟುವುದು ಅಲ್ಲೇ. ಅದಕ್ಕೇ ಅದಕ್ಕೆ 'ಸುಹಾಗ್ ನಗರಿ', ಅಂದರೆ ಮುತ್ತೈದೆತನದ ಊರು ಎಂಬ ಹೆಸರು. ಬಳೆಯ ಜೊತೆಗೆ ಲೋಟ, ದೀಪದ ಬುರುಡೆ, ಶೀಶೆ, ಜಾಡಿಗಳೂ ಅಲ್ಲಿ ತಯಾರಾಗುತ್ತವೆ. ಉತ್ತರದ ಯಾತ್ರೆಗೆ ಹೋಗುವವರು ಒಂದು ದಿನ ಹೆಚ್ಚಿಗೆ ಇಟ್ಟುಕೊಂಡು ಈ ಊರನ್ನೂ ನೋಡಿ ಬನ್ನಿ ಎಂದು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ.

ನಾವು ಹೋದದ್ದು 2018ರ ಡಿಸೆಂಬರಿನಲ್ಲಿ. ತರೀಕೆರೆಯಿಂದ ಬೆಂಗಳೂರಿಗೆ ಬಂದು, ಸಂಜೆ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರೆ ರೈಲಿನಲ್ಲಿ ಎರಡು ರಾತ್ರಿ. ಚಟ್ನಿಪುಡಿ, ಚಪಾತಿ, ಕೊಬ್ಬರಿ ಮಿಠಾಯಿ ಎಲ್ಲ ಮುಗಿಯುವ ಹೊತ್ತಿಗೆ ಆಗ್ರಾ ಕ್ಯಾಂಟ್ ಬಂತು. ಮಾರನೆಯ ದಿನ ಬಾಡಿಗೆ ಕಾರು ಮಾಡಿಕೊಂಡು ಟುಂಡ್ಲಾ ದಾಟಿ ಹೊರಟೆವು. ರೈಲಿನಲ್ಲಿ ಹೋಗುವವರಿಗೂ ಸುಲಭವೇ; ದೆಹಲಿ-ಹೌರಾ ಮಾರ್ಗದಲ್ಲಿ ಟುಂಡ್ಲಾ ಜಂಕ್ಷನ್ನಾದ ಮೇಲೆ ಫಿರೋಜಾಬಾದ್ ಸ್ಟೇಷನ್ ಸಿಗುತ್ತದೆ. ಚಳಿಗಾಲದಲ್ಲಿ ದಟ್ಟ ಮಂಜು ಬೀಳುತ್ತದೆ. ಬೆಳಿಗ್ಗೆ ಹತ್ತರ ತನಕ ಹೊರಡಬೇಡಿ, ಶಾಲು ಮರೆಯಬೇಡಿ.

ಊರೊಳಗೆ ಕಾಲಿಟ್ಟರೆ ಕಣ್ಣಿಗೆ ಹಬ್ಬ. ದಾರಕ್ಕೆ ಕಟ್ಟಿದ ಬಳೆಗಳ ಹೊರೆಯನ್ನು ತಳ್ಳುಗಾಡಿಯ ತುಂಬ ಪೇರಿಸಿಕೊಂಡು ಓಡಾಡುತ್ತಾರೆ. ಆ ಕುಲುಕಾಟಕ್ಕೆ ನಮ್ಮ ಎದೆ ಢವಗುಟ್ಟಬೇಕು, ಅವರಿಗೆ ಏನೂ ಇಲ್ಲ! ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬಳೆಯಲ್ಲ, ಗಾಜಿನ ಚೂರಿನ ಗುಡ್ಡೆ. ಕಾರಿನವನಿಗೆ ಪರಿಚಯವಿದ್ದ ಒಂದು ಕಾರ್ಖಾನೆಯ ಅಂಗಳದಲ್ಲಿ ಒಡೆದ ಶೀಶೆ, ಲೋಟ, ಬಳೆ ಎಲ್ಲ ಆಳೆತ್ತರ ಬಿದ್ದಿತ್ತು. ಬಿಳಿಯದು ಒಂದು ಕಡೆ, ಹಸಿರು ಒಂದು ಕಡೆ, ಕಂದು ಇನ್ನೊಂದು ಕಡೆ. ಬಣ್ಣ ಬೆರೆತರೆ ಹೊಸ ಗಾಜು ಕೆಡುತ್ತದೆಯಂತೆ. ನಮ್ಮೂರಿನ ಗುಜರಿಯವರು ಕೊಂಡೊಯ್ಯುವ ಗಾಜು ಸೇರುವುದು ಇಂಥ ಗುಡ್ಡೆಯನ್ನೇ.

ಒಳಗೆ ಕುಲುಮೆ. ಮರಳು, ಸೋಡಾ, ಸುಣ್ಣದ ಕಲ್ಲಿನ ಪುಡಿ, ಅದರ ಜೊತೆಗೆ ಈ ಚೂರು, ಎಲ್ಲ ಸೇರಿ ಜೇನಿನ ಹಾಗೆ ಕರಗಬೇಕಾದರೆ 1400 ಡಿಗ್ರಿಯ ಆಸುಪಾಸಿನ ಶಾಖ ಬೇಕು. ನಮ್ಮ ಸಾರು ಕುದಿಯುವುದು 100 ಡಿಗ್ರಿಯಲ್ಲಿ, ಬೋಂಡ ಕರಿಯುವ ಎಣ್ಣೆ 180ರ ಹತ್ತಿರ. ಲೆಕ್ಕ ಹಾಕಿ ನೋಡಿ! ಹಿಂದೆ ಈ ಕುಲುಮೆಗಳಿಗೆ ಕಲ್ಲಿದ್ದಲು ಉರಿಸುತ್ತಿದ್ದರು. ತಾಜಮಹಲಿನ ಅಮೃತಶಿಲೆ ಹೊಗೆಯಿಂದ ಕೆಡುತ್ತಿದೆಯೆಂದು ಮೊಕದ್ದಮೆ ನಡೆದು, 1996ರ ಡಿಸೆಂಬರ್ 30ರಂದು ಸುಪ್ರೀಂ ಕೋರ್ಟು ತಾಜಿನ ಸುತ್ತಣ ಪ್ರದೇಶದ ಕಾರ್ಖಾನೆಗಳು ಕಲ್ಲಿದ್ದಲು, ಕೋಕ್ ಬಿಡಬೇಕೆಂದು ತೀರ್ಪು ಕೊಟ್ಟಿತು. ಈಗ ನೈಸರ್ಗಿಕ ಅನಿಲ ಉರಿಯುತ್ತದೆ. ಹೊಗೆ ಕಡಿಮೆಯಾಗಿದೆ, ಝಳ ಎಲ್ಲಿ ಕಡಿಮೆಯಾಗುತ್ತದೆ? ಡಿಸೆಂಬರಿನ ಚಳಿಯಲ್ಲೂ ನಾವು ಬಾಗಿಲಲ್ಲೇ ಬೆವೆತುಹೋದೆವು. ಕಬ್ಬಿಣದ ಸಲಾಕೆಯ ತುದಿಗೆ ಕೆಂಡದಂಥ ಗಾಜಿನ ಉಂಡೆ ಸುತ್ತಿಕೊಂಡು ಹುಡುಗರು ಒಬ್ಬರಿಗೊಬ್ಬರು ತಾಗದಂತೆ ಓಡುತ್ತಿದ್ದರು.

ಜಾಡಿ ಮಾಡುವ ಬಗೆ ಹೀಗೆ: ಆ ಉಂಡೆಯನ್ನು ಕಬ್ಬಿಣದ ಅಚ್ಚಿಗಿಟ್ಟು ಗಾಳಿ ಊದುತ್ತಾರೆ. ಅಚ್ಚು ಬಿಚ್ಚಿದರೆ ಜಾಡಿ ರೆಡಿ, ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ಅದನ್ನು ಇನ್ನೊಂದು ಉದ್ದನೆಯ ಒಲೆಯೊಳಗೆ ಇಟ್ಟು ನಿಧಾನವಾಗಿ, ಗಂಟೆಗಟ್ಟಲೆ ಆರಿಸುತ್ತಾರೆ. ಏಕಾಏಕಿ ತಣ್ಣಗಾದರೆ ಹೊರಮೈ ಒಂದು ಲೆಕ್ಕದಲ್ಲಿ, ಒಳಮೈ ಒಂದು ಲೆಕ್ಕದಲ್ಲಿ ಕುಗ್ಗಿ ಸೀಳಿಬಿಡುತ್ತದೆ. ತಣ್ಣನೆ ಜಾಡಿಗೆ ಕುದಿನೀರು ಸುರಿದರೆ ಬುಡ ಕಳಚುವುದೂ ಇದೇ ಕಾರಣಕ್ಕೆ.

ಬಳೆಯ ಕತೆ ಬೇರೆ. ಅಲ್ಲಿ ಗಾಜನ್ನು ಸುರುಳಿಯಾಗಿ ಎಳೆದು ಕತ್ತರಿಸುತ್ತಾರೆ, ಅಷ್ಟೇ. ಬಿಟ್ಟ ಬಾಯಿಯನ್ನು ಬೆಂಕಿಯ ನಾಲಿಗೆಗೆ ಹಿಡಿದು ಒಂದೊಂದಾಗಿ ಕೂಡಿಸುವ ಕೆಲಸ ಮನೆಮನೆಗೂ ಹೋಗುತ್ತದೆ. ಇದಕ್ಕೆ 'ಜುಡಾಯಿ' ಎನ್ನುತ್ತಾರೆ. ಮಾಡುವವರಲ್ಲಿ ಹೆಂಗಸರೇ ಹೆಚ್ಚು. ಗಲ್ಲಿಯ ಕತ್ತಲೆ ಕೋಣೆಯಲ್ಲಿ ಫ್ಯಾನು ಹಾಕುವ ಹಾಗಿಲ್ಲ, ಜ್ವಾಲೆ ಅಲುಗಾಡುತ್ತದೆ. ನನ್ನ ವಯಸ್ಸಿನ ಒಬ್ಬಾಕೆಯ ಬೆರಳ ತುದಿಗಳನ್ನು ನೋಡಿದೆ. ಗೆರೆಗಳೇ ಇರಲಿಲ್ಲ. ಭಾಷೆ ಬಾರದಿದ್ದರೂ ಆಕೆ ನನ್ನ ಕೈಬಳೆ ಮುಟ್ಟಿ ನಕ್ಕಳು.

ಮನೆಗೆ ಬಂದ ಮೇಲೂ ಆ ಬೆರಳು ಮರೆಯಲಿಲ್ಲ. ನಮ್ಮಲ್ಲಿ ಆಗ ಅತ್ತೆಯವರು ಬಿಟ್ಟುಹೋದ ಹದಿನಾಲ್ಕು ಗಾಜಿನ ಜಾಡಿಗಳ ಮಾತು ನಡೆದಿತ್ತು. ಕೆಲವು ಹಾರ್ಲಿಕ್ಸ್ ಶೀಶೆ, ಕೆಲವು ಜಾಮಿನದು, ಎರಡು ದೊಡ್ಡ ಬಿಸ್ಕತ್ತು ಜಾಡಿ. ಮನೆ ಪಾಲಾದಾಗ ತಾಮ್ರ, ಹಿತ್ತಾಳೆಗೆ ಎಲ್ಲರೂ ಕೈಯೊಡ್ಡಿದರು, ಇವು ಮಾತ್ರ ಯಾರಿಗೂ ಬೇಡ. ಮುಚ್ಚಳ ವಾಸನೆ, ಗುಜರಿಗೆ ಹಾಕು ಎಂದರು ನಾದಿನಿ. ನೀವೇ ಹೇಳಿ, ವಾಸನೆ ಹಿಡಿದದ್ದು ಮುಚ್ಚಳ, ಶಿಕ್ಷೆ ಜಾಡಿಗೆ!

ಗುಜರಿಗೆ ಹಾಕಿದರೇನು, ಮತ್ತೆ ಕರಗಿ ಹೊಸದಾಗುತ್ತದಲ್ಲ ಎನ್ನಬಹುದು. ನಿಜ, ಗಾಜನ್ನು ಎಷ್ಟು ಸಲ ಕರಗಿಸಿದರೂ ಅದರ ಗುಣ ಕೆಡುವುದಿಲ್ಲ. ಹತ್ತರಲ್ಲೊಂದು ಪಾಲು ಚೂರು ಬೆರೆಸಿದರೆ ಉರುವಲಿನಲ್ಲಿ ನೂರಕ್ಕೆ ಎರಡು-ಮೂರು ಪಾಲು ಉಳಿಯುತ್ತದೆ. ಆದರೂ ಕುಲುಮೆ ಉರಿಯಲೇಬೇಕು, ಸಲಾಕೆ ಹಿಡಿದ ಹುಡುಗರು ಓಡಲೇಬೇಕು. ಒಡೆದದ್ದು ಕುಲುಮೆಗೆ ಹೋಗಲಿ. ಒಡೆಯದೆ ಇರುವುದಕ್ಕೆ ನಮ್ಮ ಬಚ್ಚಲಿನ ಒಂದು ತಪ್ಪಲೆ ಬಿಸಿನೀರು ಸಾಕು. ಹದಿನಾಲ್ಕನ್ನೂ ನಾನೇ ಇಟ್ಟುಕೊಂಡೆ. ಹೇಗೆ ಶುಚಿ ಮಾಡಿದೆ ಎಂಬುದನ್ನು ನಿಮಗೂ ಹೇಳುತ್ತೇನೆ.

ಮೊದಲು ಜಾಡಿ. ಬಾಯಿಯ ಸುತ್ತ ಬೆರಳಾಡಿಸಿ ನೋಡಿ. ಚಕ್ಕೆ ಎದ್ದಿದ್ದರೆ, ಕೂದಲೆಳೆ ಬಿರುಕಿದ್ದರೆ ತಿನ್ನುವ ಪದಾರ್ಥಕ್ಕೆ ಬೇಡ. ಫಿನಾಯಿಲ್, ಔಷಧಿ, ಬಣ್ಣ ತುಂಬಿದ್ದ ಶೀಶೆಗಳೂ ಬೇಡ. ಚೀಟಿ ಅಂಟಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ರಾತ್ರಿ ನೆನೆಸಿ; ಉಳಿದ ಗೋಂದಿಗೆ ಒಂದು ಚಮಚ ಎಣ್ಣೆ, ಒಂದು ಚಮಚ ಅಡಿಗೆ ಸೋಡಾ ಕಲಸಿ ಉಜ್ಜಿ. ಕೈ ಹೋಗದ ಕತ್ತಿನ ಶೀಶೆಗೆ ಒಂದು ಹಿಡಿ ಅಕ್ಕಿ, ಸ್ವಲ್ಪ ಸಾಬೂನು ನೀರು ಹಾಕಿ ಗಲಗಲ ಅಲ್ಲಾಡಿಸಿ. ಗಡಸು ನೀರಿನ ಬಿಳಿ ಪೊರೆಗೆ ವಿನಿಗರ್ ಅಥವಾ ನಿಂಬೆರಸ. ಉಪ್ಪಿನಕಾಯಿಗೆ ಕುದಿಸಲೇಬೇಕೆಂದರೆ ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ, ತಣ್ಣೀರಿನಲ್ಲೇ ಜಾಡಿ ಇಟ್ಟು ಸಣ್ಣಗೆ ಕಾಯಿಸಿ, ನೀರು ಆರುವ ತನಕ ತೆಗೆಯಬೇಡಿ.

ಈಗ ಮುಚ್ಚಳ. ಗಾಜು ವಾಸನೆ ಹಿಡಿಯುವುದಿಲ್ಲ, ಬಣ್ಣವನ್ನೂ ಕುಡಿಯುವುದಿಲ್ಲ. ಪ್ಲಾಸ್ಟಿಕ್ಕು ಎರಡನ್ನೂ ಹೀರುತ್ತದೆ, ಅದೂ ಎಣ್ಣೆಯ ಜೊತೆ ಸೇರಿದ್ದನ್ನು. ಮೊದಲು ಒಳಗಡೆ ರಟ್ಟಿನ ಬಿಲ್ಲೆ ಇದೆಯೋ ನೋಡಿ. ತೇವ ಕುಡಿದು ಬೂಷ್ಟು ಹಿಡಿಯುವುದು ಅದೇ. ಪಿನ್ನಿನಿಂದ ಎಬ್ಬಿಸಿ ಬಿಸಾಡಿ. ರಬ್ಬರಿನ ಬಳೆ ಇದ್ದರೆ ತೆಗೆದು ಬೇರೆ ತೊಳೆಯಿರಿ. ಆಮೇಲೆ ಕೈ ತಡೆಯುವಷ್ಟು ಬಿಸಿನೀರಿಗೆ ಪಾತ್ರೆ ತೊಳೆಯುವ ಸಾಬೂನು ಹಾಕಿ ಅರ್ಧ ಗಂಟೆ ನೆನೆಸಿ. ಕುದಿಸಬೇಡಿ, ಮುಚ್ಚಳ ಸೊಟ್ಟಗಾದರೆ ಮತ್ತೆ ಕೂರುವುದಿಲ್ಲ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿರುಪಿನ ಸಂದುಗಳನ್ನು ಉಜ್ಜಿ. ಜಿಡ್ಡೆಲ್ಲ ಅಲ್ಲೇ ಅಡಗಿರುವುದು. ಅಡಿಗೆ ಸೋಡಾವನ್ನು ನೀರಿನಲ್ಲಿ ಕಲಸಿ ಒಳಮೈಗೆ ಬಳಿದು ರಾತ್ರಿ ಬಿಟ್ಟು ಬೆಳಿಗ್ಗೆ ತೊಳೆಯಿರಿ.

ಅರಿಸಿನದ ಹಳದಿ ಇನ್ನೂ ಉಳಿಯಿತೇ? ಚಿಂತೆ ಬೇಡ, ಅರಿಸಿನದ ಬಣ್ಣ ಬಿಸಿಲಿಗೆ ಹೆದರುತ್ತದೆ. ಒದ್ದೆ ಮುಚ್ಚಳವನ್ನು ಎರಡು-ಮೂರು ದಿನ ಬಿಸಿಲಿಗೆ ಅಂಗಾತ ಇಡಿ, ತಾನೇ ಮಾಸುತ್ತದೆ. ವಾಸನೆಗೂ ಬಿಸಿಲು, ಗಾಳಿಯೇ ಮದ್ದು. ಆದರೆ ವಾರಗಟ್ಟಲೆ ಬಿಡಬೇಡಿ, ಪ್ಲಾಸ್ಟಿಕ್ಕು ಬಿರುಸಾಗುತ್ತದೆ. ಬ್ಲೀಚಿಂಗ್ ಪುಡಿಯನ್ನು ವಿನಿಗರ್, ನಿಂಬೆಹಣ್ಣು, ಆಸಿಡ್ ಯಾವುದರ ಜೊತೆಗೂ ಸೇರಿಸಬೇಡಿ. ವಿಷದ ಗಾಳಿ ಏಳುತ್ತದೆ.

ಇಷ್ಟು ಮಾಡಿಯೂ ವಾಸನೆ ಹೋಗದಿದ್ದರೆ, ಪುಡಿ ಉದುರುತ್ತಿದ್ದರೆ ಆ ಮುಚ್ಚಳವನ್ನಷ್ಟೇ ಬಿಡಿ. ಪಾತ್ರೆ ಅಂಗಡಿಯಲ್ಲಿ ಅಳತೆಗೆ ಹೊಂದುವ ಬಿಡಿ ಮುಚ್ಚಳ ಸಿಕ್ಕರೂ ಸಿಕ್ಕೀತು. ಸಿಗದಿದ್ದರೆ ತೆಳು ಬಟ್ಟೆ ಕಟ್ಟಿ ಒಣಮೆಣಸಿನಕಾಯಿ, ಹುಣಿಸೆಹಣ್ಣು ಇಡಬಹುದು. ಹದಿನಾಲ್ಕರಲ್ಲಿ ನನಗೆ ಹನ್ನೊಂದು ಮುಚ್ಚಳ ಉಳಿದವು. ಒಂದಕ್ಕೆ ಹುಡುಕಿ ತಂದೆ, ಎರಡಕ್ಕೆ ಬಟ್ಟೆ ಕಟ್ಟಿದ್ದೇನೆ.

ಇನ್ನೊಂದು ಮಾತು. ಉಪ್ಪಿನಕಾಯಿಯ ಮುಚ್ಚಳ ಉಪ್ಪಿನಕಾಯಿಗೇ ಇರಲಿ, ಕಾಫಿಪುಡಿಗೆ ಅದನ್ನು ಬದಲಾಯಿಸಬೇಡಿ. ಉಪ್ಪು, ಹುಳಿ ಇರುವುದಕ್ಕೆ ತಗಡಿನ ಮುಚ್ಚಳ ಬೇಡ, ತುಕ್ಕು ಹಿಡಿಯುತ್ತದೆ. ಖಾಲಿ ಜಾಡಿಯನ್ನು ಎತ್ತಿಡುವಾಗ ಮುಚ್ಚಳ ಹಾಕಿ ಬಿಗಿಯಬೇಡಿ. ಪೂರ್ತಿ ಒಣಗಿಸಿ, ಮುಚ್ಚಳವನ್ನು ಪಕ್ಕದಲ್ಲಿ ಬಿಡಿಯಾಗಿಡಿ. ಅಷ್ಟು ಮಾಡಿದರೆ, ಯಾರದೋ ಬೆವರಿನಲ್ಲಿ ಹುಟ್ಟಿದ ಜಾಡಿ ನಿಮ್ಮ ಸೊಸೆಯ ಸಾರಿನಪುಡಿಗೂ ಆಗುತ್ತದೆ, ಅವಳ ಸೊಸೆಯದಕ್ಕೂ ಆಗುತ್ತದೆ.