ಒಂದೇ ಪಟ್ಟಿಯ ಹೆಸರುಗಳು

ನವೆಂಬರ್ 9, 2023

ಎಲಿಫ್ ಶಫಾಕ್ ಅವರ 'ದಿ ಐಲೆಂಡ್ ಆಫ್ ಮಿಸ್ಸಿಂಗ್ ಟ್ರೀಸ್' ಅರ್ಧ ಮುಗಿಯಿತು. 2021ರಲ್ಲಿ ಬಂದ ಕಾದಂಬರಿ. 1974ರ ಸೈಪ್ರಸ್, ರಾಜಧಾನಿ ನಿಕೋಸಿಯಾ. ಗ್ರೀಕರ ಹುಡುಗ ಕೋಸ್ಟಾಸ್, ತುರ್ಕರ ಹುಡುಗಿ ಡೆಫ್ನೆ. ಮನೆಯವರ ಕಣ್ತಪ್ಪಿಸಿ ಇಬ್ಬರೂ ಸೇರುವ ಪಾನಗೃಹದ ನಟ್ಟನಡುವೆ, ಮಾಡನ್ನೂ ದಾಟಿ ಬೆಳೆದ ಒಂದು ಅಂಜೂರದ ಮರ. ಕಥೆಯ ಎಷ್ಟೋ ಭಾಗವನ್ನು ಹೇಳುವುದು ಆ ಮರವೇ. ಮನುಷ್ಯರಲ್ಲಿ ಯಾರು ಹೇಳಿದ್ದರೂ ಒಂದು ಕಡೆಯ ಮಾತಾಗಿಬಿಡುತ್ತಿತ್ತು. ಮರ ಇಬ್ಬರ ಭಯವನ್ನೂ ಕೇಳಿಸಿಕೊಂಡಿದೆ. ಆ ಮಣ್ಣಿನ ಹಕ್ಕಿ, ಇರುವೆಗಳ ಪಾಡೂ ಅದಕ್ಕೆ ಗೊತ್ತು.

ನವೆಂಬರ್ 11

ಇವತ್ತು ಚರಿತ್ರೆಯನ್ನೇ ಓದುತ್ತ ಕೂತೆ. 1963ರ ಡಿಸೆಂಬರ್‌ನಲ್ಲಿ ಗ್ರೀಕರಿಗೂ ತುರ್ಕರಿಗೂ ಗಲಭೆಯಾದಾಗ ಬ್ರಿಟಿಷ್ ಸೇನಾಧಿಕಾರಿಯೊಬ್ಬರು ನಕ್ಷೆಯ ಮೇಲೆ ಹಸಿರು ಪೆನ್ಸಿಲಿನಿಂದ ಗೆರೆ ಎಳೆದು ನಿಕೋಸಿಯಾವನ್ನು ಹೋಳು ಮಾಡಿದರು. 1974ರ ಜುಲೈ 15ಕ್ಕೆ ಗ್ರೀಸಿನ ಸೇನಾಡಳಿತದ ಕುಮ್ಮಕ್ಕಿನಿಂದ ಕ್ಷಿಪ್ರಕ್ರಾಂತಿ. 20ಕ್ಕೆ ತುರ್ಕಿಯ ಸೇನೆ ಬಂದಿಳಿಯಿತು. ಉತ್ತರದ ಗ್ರೀಕರು ದಕ್ಷಿಣಕ್ಕೆ, ದಕ್ಷಿಣದ ತುರ್ಕರು ಉತ್ತರಕ್ಕೆ ಮನೆಮಠ ಬಿಟ್ಟು ನಡೆದರು.

ನಮ್ಮ ಜನರಲ್ ತಿಮ್ಮಯ್ಯ ನೆನಪಾದರು. ಮಡಿಕೇರಿಯಲ್ಲಿ ಹುಟ್ಟಿದ ಅವರು 1964ರಿಂದ ಸೈಪ್ರಸ್‌ನ ವಿಶ್ವಸಂಸ್ಥೆ ಶಾಂತಿಪಾಲನಾ ಪಡೆಯ ದಂಡನಾಯಕರಾಗಿದ್ದು, 1965ರ ಡಿಸೆಂಬರ್‌ನಲ್ಲಿ ಅಲ್ಲೇ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿತು. ಅಂಥವರು ಗುಂಡಿನ ಸದ್ದು ಅಡಗಿಸಬಲ್ಲರು. ಅಕ್ಕಪಕ್ಕದ ಮನೆಯವರು ಮತ್ತೆ ಮಾತಾಡಬೇಕಾದರೆ ಮನೆಯವರೇ ಬಾಯಿ ತೆರೆಯಬೇಕು.

ನವೆಂಬರ್ 14

ವರ್ಷಗಳ ಮೇಲೆ ಕೋಸ್ಟಾಸ್ ಲಂಡನ್ನಿನಿಂದ ಮರಳಿದಾಗ ಡೆಫ್ನೆ ನೆಲ ಅಗೆದು ಕಾಣೆಯಾದವರ ಮೂಳೆ ಹುಡುಕುತ್ತಿರುತ್ತಾಳೆ. ಈ ಭಾಗ ಓದುವಾಗ ಎದೆ ಭಾರವಾಯಿತು. ಕಾಣೆಯಾದವರಿಗಾಗಿ ಸೈಪ್ರಸ್‌ನಲ್ಲಿ ನಿಜಕ್ಕೂ ಸಮಿತಿಯೊಂದಿದೆ. 1981ರಲ್ಲಿ ರಚನೆಯಾಯಿತು, ಅದರ ಅಗೆತ 2006ರಿಂದ ವ್ಯವಸ್ಥಿತವಾಗಿ ನಡೆದಿದೆ. ಪಟ್ಟಿಯಲ್ಲಿ 2002 ಮಂದಿ: 1510 ಗ್ರೀಕರು, 492 ತುರ್ಕರು. ಎರಡೂ ಸಮುದಾಯದ ವಿಜ್ಞಾನಿಗಳು ಒಂದೇ ಗುಂಡಿಯಲ್ಲಿ ಇಳಿದು, ಒಂದೇ ಮೇಜಿನ ಮೇಲೆ ಮೂಳೆ ಜೋಡಿಸುತ್ತಾರೆ. ಕೊಂದವರು ಯಾರೆಂದು ಸಮಿತಿ ಹೇಳುವುದಿಲ್ಲ. ಗುರುತು ಹಿಡಿದು ಮನೆಯವರಿಗೆ ಒಪ್ಪಿಸುತ್ತದೆ, ಅಷ್ಟೇ. ಮೊದಲು ಸಿಟ್ಟೇ ಬಂತು: ಇದೆಂಥ ನ್ಯಾಯ? ಆದರೆ ಶಿಕ್ಷೆಯ ಭಯವಿದ್ದರೆ ಹೂತ ಜಾಗ ತೋರಿಸಲು ಯಾರು ಮುಂದೆ ಬರುತ್ತಾರೆ? ಮಗನ ಮಣ್ಣಿಗೂ ಗತಿಯಿಲ್ಲದೆ ಮುದಿಯಾದ ತಾಯಿಗೆ ಮೊದಲು ಬೇಕಾದದ್ದು ಆ ಮಗನೇ.

ನವೆಂಬರ್ 17

ಓದಿ ಮುಗಿಸಿದೆ. ಕೋಸ್ಟಾಸ್–ಡೆಫ್ನೆಯರ ಮಗಳು ಅದಾ ಲಂಡನ್ನಿನಲ್ಲೇ ಬೆಳೆದವಳು. ಅವಳು ನೋಯಬಾರದೆಂದು ಅಪ್ಪ ಅಮ್ಮ ದ್ವೀಪದ ಕಥೆಯನ್ನೇ ಮುಚ್ಚಿಟ್ಟರು. ಆದರೂ ಆ ಸಂಕಟ ಅವಳನ್ನು ಬಿಡಲಿಲ್ಲ. ಅಮ್ಮ ಸತ್ತಾಗ ಬಾರದ ದೊಡ್ಡಮ್ಮ ಮರ್ಯೆಮ್ ಈಗ ಬಂದಿದ್ದಾಳೆಂದು ಹುಡುಗಿ ಮುಖ ತಿರುಗಿಸುತ್ತಾಳೆ. ಅಡುಗೆ, ಗಾದೆ, ಜಗಳಗಳ ನಡುವೆಯೇ ಅವಳಿಗೆ ಅಮ್ಮನ ಕಥೆ ಸಿಗುತ್ತದೆ.

ಡೆಫ್ನೆ–ಕೋಸ್ಟಾಸ್ ಪ್ರೀತಿ ಗೆರೆಯನ್ನು ದಾಟಿತು, ಅಳಿಸಲಿಲ್ಲ. ಅಳಿಸುವ ಕೆಲಸ ಗುಂಡಿ ಅಗೆದವರದು, ಅಡುಗೆಮನೆಯಲ್ಲಿ ಕೂತು ಹಳೆಯದನ್ನು ಹೇಳಿದವರದು. ಮರೆತರೆ ಶಾಂತಿ ಬರುತ್ತದೆ ಎನ್ನುವವರ ಮಾತನ್ನು ನಾನು ಇನ್ನು ಒಪ್ಪಲಾರೆ. ಮಕ್ಕಳಿಗೆ ಹೇಳಬೇಕು, ಹೇಳುವಾಗ ಎರಡೂ ಕಡೆ ಸತ್ತವರ ಹೆಸರನ್ನು ಸೇರಿಸಿಯೇ ಹೇಳಬೇಕು.