ಕೇದಾರದ ಬೆನ್ನಿಗಿರುವ ಹಿಮನದಿ

ಮೇ ತಿಂಗಳ ನಡುಬೇಸಿಗೆಯಲ್ಲಿ ಇಂಡಿ, ಸಿಂದಗಿ ತಾಲ್ಲೂಕುಗಳ ಅಂಚಿನ ಭೀಮೆಯಲ್ಲಿ ಬಾಂದಾರಗಳ ಹಿಂದೆ ನಿಂತ ನೀರು ಬಿಟ್ಟರೆ ಕಾಣುವುದು ಮರಳು, ಬಂಡೆ. ಬಸವನ ಬಾಗೇವಾಡಿ, ಮುದ್ದೇಬಿಹಾಳದ ಕಡೆ ಡೋಣಿ ಸೊರಗಿ ಹಳ್ಳದಂತಾಗಿರುತ್ತದೆ. ಅದೇ ತಿಂಗಳು ಹಿಮಾಲಯದ ಮಂದಾಕಿನಿ ದಿನದಿಂದ ದಿನಕ್ಕೆ ತುಂಬಿಕೊಳ್ಳುತ್ತದೆ. ಒಂದು ನದಿಯನ್ನು ಒಣಗಿಸುವ ಬಿಸಿಲೇ ಇನ್ನೊಂದು ನದಿಯನ್ನು ಹರಿಸುತ್ತದೆ. ಕೃಷ್ಣೆ, ಭೀಮೆಯರು ಸಹ್ಯಾದ್ರಿಯ ಮಳೆಯ ಮಕ್ಕಳು; ಮಂದಾಕಿನಿಗೆ ಮಳೆಯ ಜೊತೆಗೆ ಮಂಜುಗಡ್ಡೆಯ ಗಂಟೂ ಉಂಟು. ಆ ಗಂಟು ಇರುವುದು ಕೇದಾರನಾಥ ದೇವಾಲಯದ ಹಿಂದೆ.

ವಿಜಯಪುರ ಜಿಲ್ಲೆಯವರಿಗೆ ಕೇದಾರ ಹೊಸ ಹೆಸರಲ್ಲ. ವೀರಶೈವ ಪಂಚಪೀಠಗಳಲ್ಲಿ ಕೇದಾರ ಪೀಠವೂ ಒಂದು. ದೇವಾಲಯದ ರಾವಲರು ಪರಂಪರೆಯಿಂದ ವೀರಶೈವ ಸಮುದಾಯದವರು. ಕರ್ನಾಟಕದೊಂದಿಗೆ ಈ ಕ್ಷೇತ್ರದ ನಂಟು ಬಹಳ ಹಳೆಯದು. ಹೀಗಾಗಿ ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಸೊಲ್ಲಾಪುರದಲ್ಲಿ ದಿಲ್ಲಿಯ ರೈಲು ಹತ್ತುವ ಹಿರಿಯರು ಪ್ರತಿ ವರ್ಷ ಇರುತ್ತಾರೆ. ಋಷಿಕೇಶ ದಾಟಿದ ಮೇಲೆ ದೇವಪ್ರಯಾಗದಲ್ಲಿ ಅಲಕನಂದಾ, ಭಾಗೀರಥಿ ಕೂಡುವ ಕಡೆ ಎರಡು ಬಣ್ಣದ ನೀರನ್ನು ನೋಡುತ್ತಾರೆ. ರುದ್ರಪ್ರಯಾಗದಿಂದ ಮಂದಾಕಿನಿಯ ಕಣಿವೆ ಹಿಡಿದು ಗೌರಿಕುಂಡಕ್ಕೆ ಬರುತ್ತಾರೆ. ಅಲ್ಲಿಂದ ಮುಂದೆ ಸುಮಾರು 16 ಕಿಲೋಮೀಟರ್ ಏರುದಾರಿ. ದರ್ಶನವಾಗುತ್ತದೆ, 6,940 ಮೀಟರ್ ಎತ್ತರದ ಕೇದಾರ ಶಿಖರವನ್ನು ಹಿಂದಿಟ್ಟುಕೊಂಡು ಫೋಟೋ ಆಗುತ್ತದೆ, ಬಹಳ ಜನ ಅಲ್ಲಿಂದಲೇ ಹಿಂದಿರುಗುತ್ತಾರೆ. ಕೆಲವೇ ಕಿಲೋಮೀಟರ್ ಆಚೆ ಇರುವ ಚೋರಾಬಾರಿ ಹಿಮನದಿಯ ಹೆಸರನ್ನೂ ಕೇಳಿರುವುದಿಲ್ಲ.

ಹಿಮನದಿ ಎಂದೊಡನೆ ಮಕ್ಕಳು ಬೆಳ್ಳನೆಯ ಹಾಲಿನ ಹೊಳೆಯನ್ನು ಊಹಿಸಿಕೊಳ್ಳುತ್ತಾರೆ. ಚೋರಾಬಾರಿಯ ಕೆಳತುದಿ ಹಾಗಿಲ್ಲ. ಮೈತುಂಬ ಕಲ್ಲುಮಣ್ಣು ಹೊದ್ದ ಅದು ರಸ್ತೆ ಬದಿಗೆ ಸುರಿದ ಜಲ್ಲಿಯ ರಾಶಿಯಂತೆ ಕಾಣುತ್ತದೆ. ಮಂಜುಗಡ್ಡೆ ಅದರ ಅಡಿಯಲ್ಲಿದೆ. ಎತ್ತರದಲ್ಲಿ ವರ್ಷ ವರ್ಷ ಬಿದ್ದ ಹಿಮ ಬೇಸಿಗೆಯಲ್ಲಿ ಪೂರ್ತಿ ಕರಗುವುದಿಲ್ಲ. ಮೇಲಿನ ಪದರಗಳ ಭಾರಕ್ಕೆ ಕೆಳಗಿನ ಹಿಮದೊಳಗಿನ ಗಾಳಿ ಹೊರಬಿದ್ದು ಅದು ಗಟ್ಟಿ ಗಡ್ಡೆಯಾಗುತ್ತದೆ. ದಪ್ಪ ಹೆಚ್ಚಿದಾಗ ತನ್ನ ಭಾರಕ್ಕೆ ತಾನೇ ಇಳಿಜಾರಿನಲ್ಲಿ ಸರಿಯತೊಡಗುತ್ತದೆ. ಕಣ್ಣಿಗೆ ತಿಳಿಯದಷ್ಟು ನಿಧಾನ, ಆದರೆ ನಿಲುಗಡೆಯಿಲ್ಲ. ಬೀಸುವ ಕಲ್ಲಿಗೆ ಸಿಕ್ಕ ಜೋಳದಂತೆ ತಳದ ಬಂಡೆ ಅದರಡಿ ನುಣ್ಣಗೆ ಹಿಟ್ಟಾಗುತ್ತದೆ. ಹಿಮನದಿಯಿಂದ ಹೊರಬರುವ ನೀರಿಗೆ ಬೂದು ಬೆರೆತ ಬಿಳುಪು ಬರುವುದು ಈ ಕಲ್ಲಿನ ಹಿಟ್ಟಿನಿಂದ.

ಹಿಮನದಿ ತನ್ನ ಮುಂದೆ, ಮಗ್ಗುಲಲ್ಲಿ ಒಟ್ಟಿ ಹೋದ ಕಲ್ಲುಮಣ್ಣಿನ ದಿಬ್ಬಕ್ಕೆ ಮೊರೇನ್ ಎಂದು ಹೆಸರು. ಅಂಥ ದಿಬ್ಬದ ಹಿಂದೆ ಕೇದಾರದ ಮೇಲ್ಗಡೆ ಒಂದು ಕೆರೆಯಿತ್ತು: ಚೋರಾಬಾರಿ ತಾಲ್. 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮದ ಒಂದು ಪಾಲನ್ನು ಅಲ್ಲಿ ವಿಸರ್ಜಿಸಿದ ಮೇಲೆ ಗಾಂಧಿ ಸರೋವರ ಎಂಬ ಹೆಸರೂ ಬಂತು. ಸುಮಾರು 400 ಮೀಟರ್ ಉದ್ದ, 200 ಮೀಟರ್ ಅಗಲದ ತಿಳಿನೀರಿನ ಚೆಲುವಾದ ತಾಣ. ಆದರೆ ಅದಕ್ಕೆ ಕೋಡಿ ಇರಲಿಲ್ಲ.

ಕೋಡಿಯಿಲ್ಲದ ಕೆರೆ ತುಂಬಿದರೆ ಏನಾಗುತ್ತದೆಂದು ಬಯಲುಸೀಮೆಯ ರೈತನಿಗೆ ಯಾರೂ ಹೇಳಿಕೊಡಬೇಕಿಲ್ಲ. ಆಲಮಟ್ಟಿಯ ಅಣೆಕಟ್ಟಿಗೆ 26 ಗೇಟುಗಳಿರುವುದು ಇದೇ ಕಾರಣಕ್ಕೆ. 2013ರ ಜೂನ್ ನಡುವಿನಲ್ಲಿ ಮುಂಗಾರು ಬೇಗನೆ ಹಿಮಾಲಯ ಮುಟ್ಟಿತು. ಎಡೆಬಿಡದ ಮಳೆಗೆ ಹಿಮ ಕರಗಿದ ನೀರೂ ಕೂಡಿ ಕೆರೆ ತುಂಬಿತು. ಜೂನ್ 17ರ ಬೆಳಿಗ್ಗೆ ಮೊರೇನಿನ ಒಡ್ಡು ಒಡೆಯಿತು. ಕೆಲವೇ ನಿಮಿಷಗಳಲ್ಲಿ ಕೆರೆ ಬರಿದಾಯಿತು. ಹಿಂದಿನ ದಿನದ ಪ್ರವಾಹಕ್ಕೇ ನಲುಗಿದ್ದ ಕಣಿವೆಯಲ್ಲಿ ನೀರು, ಕೆಸರು, ಬಂಡೆಗಳು ಒಟ್ಟಾಗಿ ಇಳಿದವು. ನಡೆಯುವ ದಾರಿಯಲ್ಲಿದ್ದ ರಾಂಬಾಡಾ ಎಂಬ ತಂಗುದಾಣ ಹೇಳಹೆಸರಿಲ್ಲದಂತಾಯಿತು. ಸಾವಿರಾರು ಜನ ಸತ್ತರು. ಕರ್ನಾಟಕದ ನೂರಾರು ಯಾತ್ರಿಕರು ದಾರಿಯಲ್ಲೇ ಸಿಲುಕಿಕೊಂಡರು. ದೊಡ್ಡ ಬಂಡೆಯೊಂದು ಹಿಂದೆ ಬಂದು ನಿಂತು ನೀರನ್ನು ಎರಡು ಕಡೆಗೆ ಸೀಳಿದ್ದರಿಂದ ದೇವಾಲಯ ಉಳಿಯಿತು.

ಹಾಗಾದರೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬಾರದೆ? ಒಯ್ಯಬೇಕು, ಆದರೆ ತಿಳಿದು ಒಯ್ಯಬೇಕು. ಜುಲೈ, ಆಗಸ್ಟಿನ ಮಳೆಗಾಲ ಬಿಟ್ಟು ಮೇ ತಿಂಗಳು ಅಥವಾ ದಸರೆಯ ರಜೆ ಲೇಸು. ದೀಪಾವಳಿ ಪಾಡ್ಯದ ಮರುದಿನ ಬಾಗಿಲು ಮುಚ್ಚಿ, ಚಳಿಗಾಲದ ಪೂಜೆ ಉಖೀಮಠಕ್ಕೆ ಇಳಿಯುತ್ತದೆ. ಯಾತ್ರೆಗೆ ಮೊದಲೇ ಹೆಸರು ನೋಂದಾಯಿಸಬೇಕು. ಮಳೆ ಹಿಡಿದ ದಿನ ಪೊಲೀಸರು ತಡೆದರೆ ವಾದಿಸದೆ ನಿಲ್ಲಬೇಕು.

ಇನ್ನು ಎತ್ತರದ ಮಾತು. ವಿಜಯಪುರದ ಸೀಮೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದ್ದರೆ ಕೇದಾರ ಸುಮಾರು 3,580 ಮೀಟರ್. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಊರಿನಲ್ಲಿ ಸಿಗುವುದರ ಮೂರರಲ್ಲಿ ಎರಡು ಪಾಲು ಮಾತ್ರ. ಆದ್ದರಿಂದ ದಾರಿಯಲ್ಲಿ ಗುಪ್ತಕಾಶಿಯಂಥ ಕಡೆ ಒಂದು ರಾತ್ರಿ ತಂಗಿ ನಿಧಾನವಾಗಿ ಏರುವುದು ಒಳ್ಳೆಯದು. ತಲೆನೋವು, ವಾಂತಿ ಜೋರಾದರೆ ಹಟ ಹಿಡಿಯದೆ ಕೆಳಗಿಳಿಯಬೇಕು. ಅಜ್ಜ ಅಜ್ಜಿಯರ ವಿಷಯದಲ್ಲಿ ಇದು ಇನ್ನೂ ಮುಖ್ಯ. ಕೇದಾರದಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಏಕೆ ಬೇಗ ಬೇಯದೆಂದು ಮಕ್ಕಳೇ ಯೋಚಿಸಲಿ. ಶಾಲೆಯಲ್ಲಿ ಓದಿದ ವಾಯುಭಾರದ ಪಾಠ ಅಲ್ಲಿ ಊಟದ ತಟ್ಟೆಗೇ ಬರುತ್ತದೆ.

ಕಾಲಲ್ಲಿ ಕಸುವಿರುವ ಕುಟುಂಬಗಳು ಇನ್ನೊಂದು ಯಾತ್ರೆಯಲ್ಲಿ ಗೋಮುಖವನ್ನು ನೋಡಬಹುದು. ಗಂಗೋತ್ರಿ ಊರಿನಿಂದ ಸುಮಾರು 18 ಕಿಲೋಮೀಟರ್ ನಡಿಗೆ. ಅರಣ್ಯ ಇಲಾಖೆಯ ಪರವಾನಗಿ ಬೇಕು. ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ. ಸುಮಾರು 30 ಕಿಲೋಮೀಟರ್ ಉದ್ದದ ಗಂಗೋತ್ರಿ ಹಿಮನದಿಯ ಬಾಯಿಂದ ಭಾಗೀರಥಿ ಹೊರಬೀಳುವುದು ಅಲ್ಲಿ. ಭೀಮೆಯ ದಂಡೆಯ ಕಲ್ಲು ಉರುಳಿ ಉರುಳಿ ನುಣುಪಾಗಿ ದುಂಡಗಿರುತ್ತದೆ. ಹಿಮನದಿ ಹೊತ್ತು ತಂದ ಕಲ್ಲಿನ ಮೂಲೆಗಳು ಮೊನಚಾಗಿ, ಕೆಲವದರ ಮೇಲೆ ಗೀರುಗಳಿರುತ್ತವೆ. ಎರಡನ್ನೂ ಕೈಯಲ್ಲಿ ಹಿಡಿದು ನೋಡಿದ ಮಗು ನೀರಿನ ಕೆಲಸ ಯಾವುದು, ಮಂಜಿನ ಕೆಲಸ ಯಾವುದು ಎಂಬುದನ್ನು ಮರೆಯುವುದಿಲ್ಲ.

ಗೋಮುಖ ಇದ್ದಲ್ಲೇ ಇಲ್ಲ. 1935ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಜೆ.ಬಿ. ಆಡೆನ್ ಅದರ ನಕ್ಷೆ ತೆಗೆದರು. ಆ ಬಳಿಕದ ದಶಕಗಳಲ್ಲಿ ಹಿಮನದಿಯ ಮೂತಿ ವರ್ಷಕ್ಕೆ ಸರಾಸರಿ ಸುಮಾರು 20 ಮೀಟರಿನಂತೆ ಹಿಂದೆ ಸರಿದಿದೆ. ಭೂಮಿ ಬಿಸಿಯಾದಂತೆ ಹಿಮಾಲಯದ ಬಹುಪಾಲು ಹಿಮನದಿಗಳು ಕುಗ್ಗುತ್ತಿವೆ. ಸಿಂದಗಿಯಲ್ಲಿ ಎಂಟನೇ ತರಗತಿ ಓದುವ ಹುಡುಗಿಯೊಬ್ಬಳು ಈ ವರ್ಷ ಅಪ್ಪ ಅವ್ವನ ಜೊತೆ ಗೋಮುಖ ನೋಡಿ ಬಂದಳೆನ್ನಿ. 25 ವರ್ಷಗಳ ಮೇಲೆ ತನ್ನ ಮಗಳ ಕೈಹಿಡಿದು ಮತ್ತೆ ಹೋದರೆ, ಸರಿಯುವ ವೇಗ ಇಷ್ಟೇ ಉಳಿದರೂ ತಾಯಿ ಮಗಳು ಅರ್ಧ ಕಿಲೋಮೀಟರ್ ಹೆಚ್ಚು ನಡೆಯಬೇಕಾಗುತ್ತದೆ.