ಯಾವ ‘ನಾವು’?

ಬ್ಯಾಂಕ್ ಕೆಲಸಕ್ಕೆಂದು ವೈಜಾಪುರಕ್ಕೆ ಬಂದ ಮೇಲೆ ನನ್ನ ಕನ್ನಡವೆಲ್ಲ ಮನೆಯೊಳಗೆ ಮತ್ತು ಫೋನಿನಲ್ಲಿ. ನಾಸಿಕ್‌ಗೂ ಛತ್ರಪತಿ ಸಂಭಾಜಿನಗರಕ್ಕೂ ನಡುವಿನ ತಾಲೂಕು ಊರು ಇದು. ರೈಲು ಹಿಡಿಯಬೇಕೆಂದರೆ ರೋಟೆಗಾಂವ್ ಸ್ಟೇಷನ್ನಿಗೆ ಹೋಗಬೇಕು. ಈಚೆಗೆ ಫೋನಿನ ಕನ್ನಡದಲ್ಲಿ ಸಂಧಿ, ಸಮಾಸಗಳದ್ದೇ ಮಾತು. ಅಕ್ಕಲಕೋಟ ತಾಲೂಕಿನ ಜಿಲ್ಲಾ ಪರಿಷತ್ ಕನ್ನಡ ಶಾಲೆಯಲ್ಲಿ ಕಲಿಸುವ ನಮ್ಮಕ್ಕ, ಐವತ್ತರ ಹತ್ತಿರ ಬಂದವಳು, ಮತ್ತೆ ಪರೀಕ್ಷೆಗೆ ಓದುತ್ತಿದ್ದಾಳೆ.

ಅವಳು ಕೆಲಸಕ್ಕೆ ಸೇರಿದಾಗ ಡಿ.ಎಡ್. ಸಾಕಾಗಿತ್ತು. ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿ, ಬಂದದ್ದು ಶಿಕ್ಷಣ ಹಕ್ಕು ಕಾಯ್ದೆಯ ನಂತರ, 2010ರ ಎನ್‌ಸಿಟಿಇ ಅಧಿಸೂಚನೆಯಿಂದ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು ಹಳೆಯ ಶಿಕ್ಷಕರನ್ನೂ ಇದರೊಳಗೆ ತಂದಿತು. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದವರು ಎರಡು ವರ್ಷದೊಳಗೆ ಪಾಸಾಗಬೇಕು, ಇಲ್ಲವೇ ಕೆಲಸ ಬಿಡಬೇಕು. ಅದಕ್ಕಿಂತ ಕಡಿಮೆ ಉಳಿದವರು ಮುಂದುವರಿಯಬಹುದು; ಬಡ್ತಿ ಬೇಕಾದರೆ ಅವರೂ ಬರೆಯಬೇಕು. ಅಲ್ಪಸಂಖ್ಯಾತ ಸಂಸ್ಥೆಗಳ ಪ್ರಶ್ನೆ ದೊಡ್ಡ ಪೀಠಕ್ಕೆ ಹೋಯಿತು. ಅಕ್ಕನಿಗೆ ಉಳಿದಿರುವುದು ಒಂಬತ್ತು ವರ್ಷ.

ಒಂದರಿಂದ ಐದನೆಯ ತರಗತಿಯವರ ಪತ್ರಿಕೆಯಲ್ಲಿ 150 ಪ್ರಶ್ನೆ; ಎರಡು ಭಾಷೆಗಳದ್ದೇ 60. ಸಾಮಾನ್ಯ ವರ್ಗದವರಿಗೆ 90 ಅಂಕ ಬೇಕು. ಹಾಗಾಗಿ ರಾತ್ರಿ ಊಟವಾದ ಮೇಲೆ ಫೋನು ಬರುತ್ತದೆ. ‘ಊರಲ್ಲಿ’ ಲೋಪ ಸಂಧಿ, ‘ಮನೆಯಲ್ಲಿ’ ಯಕಾರಾಗಮ, ‘ಮಳೆಗಾಲ’ ಆದೇಶ. “ಮನೆಯಲ್ಲಿ ಅಂತ ಬರಿಯೋದು ಇಪ್ಪತ್ತೈದು ವರ್ಷ ಕಲಿಸೀನಿ ತಮ್ಮಾ, ಈಗ ಅದರ ಹೆಸರು ಬಾಯಿಪಾಠ ಮಾಡಾಕತ್ತೀನಿ” ಎನ್ನುತ್ತಾಳೆ.

ನನ್ನ ಮಗಳು ಇಲ್ಲಿ ಮರಾಠಿ ಶಾಲೆಯಲ್ಲಿ ನಾಲ್ಕನೆಯ ತರಗತಿ. ಅವಳ ಪ್ರಶ್ನೆಗಳೇ ಬೇರೆ. ಮರಾಠಿಯಲ್ಲಿ ಚಹಾ ಪುಲ್ಲಿಂಗ, ಕಾಫಿ ಸ್ತ್ರೀಲಿಂಗ. ಕನ್ನಡದಲ್ಲಿ ಎರಡೂ ‘ಅದು’ ಯಾಕೆ? ಇನ್ನೊಂದು ದಿನ ನಾನು “ನಾವು ಸೋಲಾಪುರಕ್ಕೆ ಹೋಗ್ತೀವಿ” ಎಂದೆ. “ಆಪಣನಾ, ಆಮ್ಹೀನಾ?” ಎಂದು ಕೇಳಿದಳು. ಕೇಳುವವರನ್ನೂ ಸೇರಿಸಿಕೊಂಡರೆ ಮರಾಠಿಯಲ್ಲಿ ‘ಆಪಣ’, ಬಿಟ್ಟು ಹೇಳಿದರೆ ‘ಆಮ್ಹೀ’. ತೆಲುಗಿನಲ್ಲಿ ‘ಮನಮು’, ‘ಮೇಮು’ ಎಂದೂ ತಮಿಳಿನಲ್ಲಿ ‘ನಾಮ್’, ‘ನಾಂಗಳ್’ ಎಂದೂ ಇದೇ ಭೇದವಿದೆ. ನಮ್ಮ ಈಗಿನ ಕನ್ನಡಕ್ಕೆ ಒಂದೇ ‘ನಾವು’. ತನ್ನನ್ನು ಕರೆದುಕೊಂಡು ಹೋಗುತ್ತೇನೋ ಇಲ್ಲವೋ ಎಂಬುದು ಅವಳಿಗೆ ತಿಳಿಯಬೇಕಿತ್ತು, ಅಷ್ಟೇ.

ಅಕ್ಕನಿಗೆ ಹೇಳಿದರೆ ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ಅವಳ ತರಗತಿಯಲ್ಲಿ ಎರಡೂ ಭಾಷೆ ಆಡುವ ಮಕ್ಕಳಿದ್ದಾರೆ. “ಮೊದಲ ಮರಾಠಿಯೊಳಗ ಹೇಳಸ್ತೀನಿ. ಆಮ್ಯಾಲ ‘ನಾವು ನೀವು ಕೂಡಿ’, ‘ನಾವಷ್ಟ’ ಅಂತ ಕನ್ನಡದಾಗ ಹೇಳಸ್ತೀನಿ. ತಿಳೀತದ” ಎಂದಳು. ಮಗು ಎಲ್ಲಿ ತೊಡಕಿಗೆ ಬೀಳುತ್ತದೆ, ಯಾವ ಭಾಷೆಯಿಂದ ಯಾವ ಭಾಷೆಗೆ ಕೈಹಿಡಿದು ದಾಟಿಸಬೇಕು ಎನ್ನುವ ಈ ವ್ಯಾಕರಣವನ್ನು ನಾಲ್ಕು ಆಯ್ಕೆಗಳಲ್ಲಿ ಅಳೆಯುವುದು ಹೇಗೆ?

ಪರೀಕ್ಷೆಯೇ ಬೇಡ ಎನ್ನಲಾರೆ. ಅರ್ಹ ಶಿಕ್ಷಕರನ್ನು ಕೇಳುವ ಹಕ್ಕು ಮಗುವಿಗಿದೆ. ನನ್ನ ಮಗಳ ಶಾಲೆಯಲ್ಲಿ ನಾನೂ ಅದನ್ನೇ ಕೇಳುತ್ತೇನೆ. ಆದರೆ ಇಪ್ಪತ್ತೈದು ವರ್ಷ ಕಲಿಸಿದವರ ಅರ್ಹತೆ ನೋಡಲು ಒಬ್ಬರು ಬಂದು ತರಗತಿಯ ಹಿಂದಿನ ಸಾಲಿನಲ್ಲಿ ಒಂದು ದಿನ ಕೂತರೂ ಸಾಕಿತ್ತು.

ಅಕ್ಕನಿಗೆ ಈ ವಾದದಲ್ಲಿ ಆಸಕ್ತಿಯಿಲ್ಲ. ಮೊದಲ ಭಾಷೆ ಕನ್ನಡ ಎಂದು ಆರಿಸಿಕೊಂಡು ಓದುತ್ತಿದ್ದಾಳೆ. ಅವಳು ಪಾಸಾಗದಿದ್ದರೆ ಒಂದು ಸಂಬಳ ನಿಲ್ಲುತ್ತದೆ, ನಿಜ. ಆ ಜಾಗಕ್ಕೆ ಆ ಮಕ್ಕಳ ಎರಡೂ ಭಾಷೆ ಬಲ್ಲ ಇನ್ನೊಬ್ಬರು ಬರುವ ತನಕ ಅವರ ‘ನಾವು’ ಯಾವುದೆಂದು ಬಿಡಿಸಿ ಹೇಳುವವರು ಯಾರು ಎಂಬುದೇ ನನ್ನ ಚಿಂತೆ.